ಪಾತ್ರಶುದ್ಧಿಯ ವಿಚಾರ

ಯಹೂದಿಗಳ ಆಚಾರವಂತ ಮನೆಗಳಲ್ಲಿ ಹಾಲಿನ ಪದಾರ್ಥಗಳಿಗೆ ಬೇರೆ, ಮಾಂಸದ ಪದಾರ್ಥಗಳಿಗೆ ಬೇರೆ ಎಂದು ಪಾತ್ರೆಗಳ ಎರಡು ಪಂಗಡಗಳಿರುತ್ತವೆ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಲಾಗದೆಂದು ಅವರ ತೋರಾ ಗ್ರಂಥವು ಮೂರೆಡೆ ವಿಧಿಸಿರುವುದೇ ಇದಕ್ಕೆ ಮೂಲ. ಬಿಸಿಯಾದ ಆಹಾರದ ರಸವನ್ನು ಪಾತ್ರೆಯು ಹೀರುವುದೆಂದು ಅವರ ಶಾಸ್ತ್ರಜ್ಞರ ಮತ. ಆದುದರಿಂದ ದೋಷ ತಗಲಿದ ಲೋಹದ ಪಾತ್ರೆಯನ್ನು ಕುದಿನೀರಿನಲ್ಲದ್ದಿ, ಇಲ್ಲವೆ ಬೆಂಕಿಯಲ್ಲಿ ಕಾಯಿಸಿ ಮತ್ತೆ ಬಳಸುವರು. ಮಣ್ಣಿನ ಪಾತ್ರೆಯನ್ನು ಕುದಿನೀರು ಶುದ್ಧಗೊಳಿಸಲಾರದು. ಅನ್ಯರಿಂದ ಕೊಂಡ ಲೋಹದ ತಾಟನ್ನೂ ನೀರಿನಲ್ಲಿ ಮುಳುಗಿಸಿಯೇ ಉಣ್ಣುವರು.

ಮಾಂಸವನ್ನೇ ಮುಟ್ಟದ ಶಿವಭಕ್ತರಿಗೆ ಇದರಿಂದಾಗುವುದೇನು ಎಂದು ವಾಚಕರು ಕೇಳಬಹುದು. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿಯೂ ಎರಡು ಪಂಗಡದ ತಾಟುಗಳುಳ್ಳ ಮನೆಗಳನ್ನು ನಾನು ಕಂಡಿದ್ದೇನೆ. ನನ್ನ ಮನೆಯೂ ಅವುಗಳಲ್ಲೊಂದಾಗಿತ್ತು. ತೊಗರಿಯ ರಾಶಿಗೆ ಬರುವ ಆಳಿನ ಜರ್ಮನ್ ತಾಟು ಕೊಟ್ಟಿಗೆಯ ಗೂಡಿನಲ್ಲಿರುತ್ತಿತ್ತು. ಉಂಡ ಬಳಿಕ ಆತನೇ ಬೂದಿಯಿಂದ ಬೆಳಗಿ ಅಲ್ಲಿಯೇ ಇಡುತ್ತಿದ್ದನು.

ಒಮ್ಮೆ ಪಂಚಸೂತಕಗಳ ಪಾಠ ನಡೆದಿತ್ತು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಈ ಐದೂ ಲಿಂಗವಂತನಿಗಿಲ್ಲವೆಂದು ವಿವರಿಸುತ್ತಿರಲು, ನಮ್ಮೂರಿನವನೇ ಆದ ವಿದ್ಯಾರ್ಥಿಯೊಬ್ಬನು ಎದ್ದು, "ಗುರುಗಳೇ, ಗೂಡಿನ ತಾಟಿಗೆ ಇವುಗಳಲ್ಲಿ ಯಾವ ಸೂತಕ?" ಎಂದನು. ನಾನು ಮುಂದಿನ ಪಾಠಕ್ಕೆ ಹೋದೆ.

ಯಹೂದಿಗಳೂ ಪಾತ್ರೆ ಬೇರ್ಪಡಿಸುವರಲ್ಲವೇ ಎಂದು ಸಮಾಧಾನ ಹೇಳಿಕೊಳ್ಳುವಂತಿಲ್ಲ. ಅವರ ಎರಡು ಪಂಗಡಗಳು ಪದಾರ್ಥವನ್ನು ಅನುಸರಿಸಿದವು. ಒಂದೇ ಮನೆಯವನು ಎರಡರಲ್ಲಿಯೂ ಉಣ್ಣುವನು. ನಮ್ಮದು ಉಣ್ಣುವವನನ್ನು ಅನುಸರಿಸಿದುದು. ರೊಟ್ಟಿಯೂ ಒಂದೇ, ಪಲ್ಯವೂ ಒಂದೇ. ಅಲ್ಲಿ ದೋಷಕ್ಕೆ ಕುದಿನೀರಿನ ಪರಿಹಾರವಾದರೂ ಉಂಟು. ಇಲ್ಲಿ ದಿನವೂ ಬೆಳಗಿದ ತಾಟು ಹೊಳೆಯುತ್ತಿದ್ದರೂ ಒಳಗೆ ಬರಲಿಲ್ಲ. ಹಾಗಾದರೆ ನಾವು ಅಂಜಿದುದು ಎಂಜಲಿಗಲ್ಲ. ಎಂಜಲೆಂಬುದನ್ನು ನಾವು ಒಪ್ಪುವುದೆಲ್ಲಿ? ಪ್ರಸಾದದ ಒಂದಗಳನ್ನೂ ಬಿಡದೆ, ತಾಟು ತೊಳೆದ ನೀರನ್ನೂ ಕುಡಿಯುವ ನಿಷ್ಠೆ ನಮ್ಮ ಹಿರಿಯರದು. 1746ರಲ್ಲಿ ಇದೇ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಜನಿಸಿದ ಶರಣಬಸವೇಶ್ವರರನ್ನು ಮಹಾದಾಸೋಹಿ ಎಂದು ಕೊಂಡಾಡುವವರೂ ನಾವೇ. ಅಸ್ಪೃಶ್ಯತೆಯನ್ನು ಸಂವಿಧಾನವು 1950ರಲ್ಲಿಯೇ ನಿಷೇಧಿಸಿತು, 1955ರಲ್ಲಿ ಶಿಕ್ಷೆಯ ಕಾನೂನೂ ಬಂದಿತು. ಆದರೆ ಕೊಟ್ಟಿಗೆಯ ಗೂಡನ್ನು ಇಣುಕಿ ನೋಡುವ ಅಧಿಕಾರಿ ಯಾರು?

ಆ ಸಂಜೆ ತಾಟನ್ನು ತಂದು ಅಡುಗೆಮನೆಯ ಹಲಗೆಯ ಮೇಲೆ ಉಳಿದವುಗಳೊಡನೆ ಇಟ್ಟೆ. ಮನೆಯ ಹಿರಿಯರು ಎಂಟು ದಿನ ನನ್ನೊಡನೆ ಮಾತನಾಡಲಿಲ್ಲ. ಈಗ ಆಳು ನಮ್ಮ ಸಾಲಿನಲ್ಲಿಯೇ ಕುಳಿತು ಉಣ್ಣುತ್ತಾನೆ. ಆದರೆ ಊಟವಾದೊಡನೆ ತನ್ನ ತಾಟನ್ನೆತ್ತಿಕೊಂಡು ಬೂದಿಯಿದ್ದಲ್ಲಿಗೆ ನಡೆಯುವುದನ್ನು ಮಾತ್ರ ಬಿಡಿಸಲು ನನ್ನಿಂದ ಇನ್ನೂ ಆಗಿಲ್ಲ.