ಎಡೆಗೆ ಬಾಯಿ ಹಾಕಿದ ಬೆಕ್ಕು: ದೋಷ ಯಾರದು?

ನೈವೇದ್ಯಕ್ಕೆಂದು ತೆಗೆದಿಟ್ಟ ಪಾಯಸಕ್ಕೆ ದೇವರಿಗಿಂತ ಮೊದಲೇ ಮನೆಯ ಬೆಕ್ಕು ಬಾಯಿ ಹಾಕಿದರೆ, ಅದಕ್ಕೆ ಪಾಪ ತಟ್ಟುತ್ತದೆಯೇ? ತಟ್ಟದಿದ್ದರೆ ಆ ದೋಷ ಯಾರ ಪಾಲಿಗೆ? ಹಬ್ಬದ ಮನೆಯಲ್ಲಿ ನಗೆಯೊಂದಿಗೆ ಮುಗಿದುಹೋಗುವ ಈ ಪ್ರಶ್ನೆಯನ್ನು ಭಾರತೀಯ ಧರ್ಮಚಿಂತನೆ ನಿಜವಾಗಿಯೂ ಕೈಗೆತ್ತಿಕೊಂಡಿದೆ. ವಿಧಿ ನಿಷೇಧಗಳು ಯಾರಿಗೆ ಅನ್ವಯಿಸುತ್ತವೆ ಎಂಬ ದೊಡ್ಡ ಚರ್ಚೆಯಲ್ಲಿ ನಾಯಿ, ಹದ್ದು, ಎಮ್ಮೆ, ಮುಂಗುಸಿಗಳೆಲ್ಲ ಬಂದುಹೋಗಿವೆ.

ಸಾಕುಪ್ರಾಣಿಗಳ ತುಂಟತನ ಹಬ್ಬದಲ್ಲೇ ಎದ್ದು ಕಾಣುವುದಕ್ಕೆ ಕಾರಣ ಹಬ್ಬದ ಏರ್ಪಾಡಿನಲ್ಲೇ ಇದೆ. ರಂಗೋಲಿ, ಬಾಳೆ ಎಲೆ, ದೀಪದ ಕಂಬ, ಹೂವಿನ ತಟ್ಟೆ ಎಲ್ಲವೂ ನೆಲಮಟ್ಟದಲ್ಲಿರುತ್ತವೆ. ನಾಯಿ ಬೆಕ್ಕುಗಳು ದಿನವೂ ಓಡಾಡುವ ಎತ್ತರ ಅದು. ಅಡುಗೆಮನೆಯಿಂದ ತುಪ್ಪದ ಘಮ, ಜನರ ಗಮನವೆಲ್ಲ ಪೂಜೆಯ ಕಡೆ, ಬಾಗಿಲು ಹಾರು ಹೊಡೆದಿರುತ್ತದೆ, ಪ್ರಾಣಿಯ ಊಟದ ಹೊತ್ತು ತಪ್ಪಿರುತ್ತದೆ. ನವರಾತ್ರಿಯ ಗೊಂಬೆ ಮೆಟ್ಟಿಲಂತೂ ಮರಿಬೆಕ್ಕಿಗೆ ಹತ್ತಲೆಂದೇ ಕಟ್ಟಿದಂತಿರುತ್ತದೆ. ಅದು ಕೆಳಗಿನ ಮೆಟ್ಟಿಲಿನ ಶೆಟ್ಟಿ ದಂಪತಿಯನ್ನು ಮೊದಲು ಮೂಸುತ್ತದೆ, ಮುಂದಿಟ್ಟ ಬೇಳೆಕಾಳಿನ ಬಟ್ಟಲಿಗೆ ಪಂಜ ಅದ್ದಿ ಒದರುತ್ತದೆ, ಒಂದೊಂದೇ ಸಾಲು ಏರಿ ಪಟ್ಟದ ಗೊಂಬೆಗಳ ನಡುವೆ ಬಾಲ ಸುತ್ತಿಕೊಂಡು ಮಲಗುತ್ತದೆ. ಆರತಿ ಎತ್ತಲು ಬಂದವರಿಗೆ ರಾಜ ರಾಣಿಯರ ನಡುವೆ ಎರಡು ಹೊಳೆಯುವ ಕಣ್ಣುಗಳು ಕಾಣುತ್ತವೆ. ಗಣೇಶನ ಹಬ್ಬದಲ್ಲಿ ಬೆಕ್ಕಿನ ಕಣ್ಣು ಗರಿಕೆಯ ಮೇಲೆ. ಬೆಕ್ಕುಗಳಿಗೆ ಹುಲ್ಲು ಜಗಿಯುವ ಸ್ವಭಾವವಿದೆ. ಎಣಿಸಿ ಜೋಡಿಸಿಟ್ಟ ಇಪ್ಪತ್ತೊಂದು ಗರಿಕೆಯಲ್ಲಿ ನಾಲ್ಕು ಕಡಿಮೆಯಾದರೆ ಎಣಿಸಿದವರ ಲೆಕ್ಕ ತಪ್ಪಿರಬೇಕೆಂದಿಲ್ಲ.

ಪ್ರಾಣಿಗೆ ಪಾಪವುಂಟೇ ಎಂಬುದಕ್ಕೆ ಅತ್ಯಂತ ಖಚಿತವಾದ ಉತ್ತರ ಕೊಟ್ಟವರು ಮೀಮಾಂಸಕರು, ಅಂದರೆ ವೇದವಿಧಿಗಳ ಅರ್ಥವನ್ನು ವಿಚಾರಿಸುವ ದರ್ಶನದವರು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ವಿಷಯವೇ ಅಧಿಕಾರ, ಅಂದರೆ ಕರ್ಮ ಮಾಡಲು ಯಾರು ಅರ್ಹರು ಎಂಬುದು. ಸುಖ ಬಯಸುವವರೆಲ್ಲ ಯಜ್ಞಕ್ಕೆ ಅರ್ಹರಾದರೆ ಪಶುಪಕ್ಷಿಗಳೂ ಅರ್ಹವಾಗಬೇಕಲ್ಲ, ಅವೂ ಸುಖ ಬಯಸುತ್ತವೆಯಲ್ಲ ಎಂಬ ಆಕ್ಷೇಪವನ್ನು ಭಾಷ್ಯಕಾರ ಶಬರ ಎತ್ತಿಕೊಳ್ಳುತ್ತಾನೆ. ಆಕ್ಷೇಪ ಅಲ್ಲಿಗೇ ನಿಲ್ಲುವುದಿಲ್ಲ. ನಾಯಿಗಳು ಚತುರ್ದಶಿಯಂದು, ಹದ್ದುಗಳು ಅಷ್ಟಮಿಯಂದು ಉಪವಾಸ ಇರುವುದು ಕಾಣುತ್ತದೆ, ಹಾಗಾದರೆ ಅವು ಪರಲೋಕದ ಫಲವನ್ನೂ ಬಯಸುತ್ತವೆ ಎನ್ನಬಾರದೇಕೆ ಎಂದು ಎದುರು ಪಕ್ಷ ಕೇಳುತ್ತದೆ. ಶಬರ ಇದನ್ನು ತಮಾಷೆಯೆಂದು ತಳ್ಳಿಹಾಕದೆ ಉತ್ತರಿಸುತ್ತಾನೆ. ಪ್ರಾಣಿಗಳಿಗೆ ವೇದಾಧ್ಯಯನವಿಲ್ಲ, ಆದ್ದರಿಂದ ಧರ್ಮ ಯಾವುದೆಂದು ತಿಳಿಯುವ ದಾರಿಯಿಲ್ಲ. ನಾಯಿ ಊಟ ಬಿಟ್ಟಿದ್ದರೆ ಅದಕ್ಕೆ ಮೈ ಸರಿಯಿಲ್ಲದಿರಬಹುದು. ನಾಯಿ ಸಾಕಿದವರು ಯಾರೂ ಈ ಕೊನೆಯ ಮಾತನ್ನು ಅಲ್ಲಗಳೆಯಲಾರರು.

ಈ ತೀರ್ಮಾನದ ಪರಿಣಾಮ ದೊಡ್ಡದು. ಯಾರಿಗೆ ವಿಧಿಯಿಲ್ಲವೋ ಅವರಿಗೆ ವಿಧಿಭಂಗವೂ ಇಲ್ಲ. ವ್ರತ ಹಿಡಿಯಲಾರದ ಬೆಕ್ಕು ವ್ರತ ಕೆಡಿಸಿದ ಪಾಪಕ್ಕೂ ಗುರಿಯಾಗಲಾರದು. ತಿರ್ಯಗ್ಜನ್ಮವನ್ನು, ಅಂದರೆ ಪ್ರಾಣಿಯ ಜನ್ಮವನ್ನು, ಹಿಂದಿನ ಕರ್ಮದ ಫಲ ಉಣ್ಣುವ ಜನ್ಮವೆಂದೇ ಸಾಮಾನ್ಯವಾಗಿ ಎಣಿಸುವುದರಿಂದ ಪಾಯಸ ನೆಕ್ಕಿದ ಲೆಕ್ಕ ಮುಂದಿನ ಜನ್ಮಕ್ಕೆ ಹೋಗುವುದಿಲ್ಲ. ಇದನ್ನು ಪ್ರಾಣಿಯ ಮೇಲಿನ ತಿರಸ್ಕಾರವೆಂದು ಓದುವುದು ಸರಿಯಲ್ಲ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಆರಂಭದ ಅಧ್ಯಾಸ ಪ್ರಕರಣದಲ್ಲಿ ದಿನನಿತ್ಯದ ವ್ಯವಹಾರದಲ್ಲಿ ಮನುಷ್ಯನೂ ಪಶುವೂ ಒಂದೇ ಎನ್ನುತ್ತಾರೆ. ಕೋಲೆತ್ತಿದವನನ್ನು ಕಂಡು ಹಸು ದೂರ ಸರಿಯುತ್ತದೆ, ಹಸಿರು ಹುಲ್ಲು ಹಿಡಿದವನ ಬಳಿಗೆ ಬರುತ್ತದೆ. ವಿವೇಕಿ ಎನಿಸಿಕೊಂಡ ಮನುಷ್ಯನ ನಡತೆಯೂ ಅದೇ ಬಗೆಯದು. ಹೋಳಿಗೆ ಬೇಯುವ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಮಗು, ನಾಯಿ, ಅಜ್ಜ ಮೂವರೂ ಒಂದೇ ಮುಖಭಾವದಲ್ಲಿ ನಿಂತಿರುವುದನ್ನು ನೋಡಿದವರಿಗೆ ಈ ವಾದಕ್ಕೆ ಬೇರೆ ನಿದರ್ಶನ ಬೇಕಾಗದು.

ಪಾಪವಿಲ್ಲ ಎಂದಮಾತ್ರಕ್ಕೆ ಹೊಣೆಯೂ ಇಲ್ಲವೆಂದಲ್ಲ. ಹೊಣೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಧರ್ಮಶಾಸ್ತ್ರದ ವ್ಯವಹಾರಕಾಂಡ ಹೇಳುತ್ತದೆ. ಮನು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ, ಅಂದರೆ ವ್ಯಾಜ್ಯದ ವಿಷಯಗಳಲ್ಲಿ, ಒಡೆಯ ಮತ್ತು ದನಗಾಹಿಯ ನಡುವಿನ ತಕರಾರೂ ಒಂದು. ಯಾಜ್ಞವಲ್ಕ್ಯಸ್ಮೃತಿ ಇನ್ನೂ ಬಿಡಿಸಿ ಹೇಳುತ್ತದೆ: ಬೆಳೆ ಮೇದ ಎಮ್ಮೆಗೆ ಎಂಟು ಮಾಷ ದಂಡ, ಹಸುವಿಗೆ ಅದರ ಅರ್ಧ, ಆಡು ಕುರಿಗೆ ಅದರಲ್ಲೂ ಅರ್ಧ. ಮೇದ ಪ್ರಾಣಿ ಅದೇ ಹೊಲದಲ್ಲಿ ಮಲಗಿಬಿಟ್ಟರೆ ದಂಡ ಇಮ್ಮಡಿ. ಮೇಯುವುದಕ್ಕಿಂತ ಮೇದು ಅಲ್ಲೇ ಹಾಯಾಗಿ ಕೂರುವುದು ಹೆಚ್ಚಿನ ಅಪರಾಧವೆಂದು ಕಂಡ ಸ್ಮೃತಿಕಾರನಿಗೆ ದನಗಳ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಬರೆದದ್ದು ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ಮೂಲದಲ್ಲಿ ದಂಡ ಎಮ್ಮೆಗೆ ಎಂದೇ ಇದೆ. ಎಮ್ಮೆಯ ಬಳಿ ಹಣವಿರುವುದಿಲ್ಲವಾದ್ದರಿಂದ ಎಮ್ಮೆ ಎಂದರೆ ಅದರ ಒಡೆಯ ಎಂದು ತಿಳಿಯಬೇಕೆಂದು ಅವನು ವಿವರಿಸುತ್ತಾನೆ. ಈಚೆಗೆ ಕರು ಹಾಕಿದ ಹಸುವಿಗೂ ದೇವರ ಹೆಸರಲ್ಲಿ ಬಿಟ್ಟ ಗೂಳಿಗೂ ದಂಡವಿಲ್ಲ.

ಹಬ್ಬದ ಮನೆಗೆ ಈ ತತ್ವವನ್ನು ತಂದರೆ ಅರ್ಥ ನೇರವಾಗಿದೆ. ಬೆಕ್ಕು ನೆಕ್ಕಿದ್ದಕ್ಕೆ ಉತ್ತರ ಹೇಳಬೇಕಾದವರು ತಟ್ಟೆಗೆ ಮುಚ್ಚಳ ಹಾಕದವರು. ಈ ಹೊಣೆ ಪ್ರಾಣಿಗೆ ಆಗುವ ಹಾನಿಗೂ ಚಾಚುತ್ತದೆ, ಅಲ್ಲಿ ಅದು ಇನ್ನಷ್ಟು ಗಂಭೀರ. ಕೇಸರಿಬಾತು ಪಾಯಸಗಳಲ್ಲಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಚಾಕೊಲೇಟ್ ಅದಕ್ಕೆ ವಿಷ. ಅಲಂಕಾರಕ್ಕೆ ತಂದ ಲಿಲ್ಲಿ ಹೂವು ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಮನುಷ್ಯನ ಕಿವಿಗೆ ಸುಮಾರು 20 ಸಾವಿರ ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ನಾಯಿಗೆ ಸುಮಾರು 45 ಸಾವಿರದವರೆಗೆ ಕೇಳಿಸುತ್ತದೆ. ದೀಪಾವಳಿಯ ಪಟಾಕಿಗೆ ಬೆದರಿ ಮಂಚದ ಕೆಳಗೆ ಸೇರಿದ ನಾಯಿಯನ್ನು ತಮಾಷೆಯ ಸಾಲಿಗೆ ಸೇರಿಸುವುದು ಕ್ರೂರ. ಅದರ ನಡುಕಕ್ಕೂ ಮನೆಯವರೇ ಉತ್ತರ ಹೇಳಬೇಕು.

ಇನ್ನು ಪಾಯಸದ ಪ್ರಶ್ನೆ. ಬೆಕ್ಕು, ಕಾಗೆ, ಇಲಿ, ನಾಯಿಗಳ ಎಂಜಲು ತಿಂದವರಿಗೆ ಮನುಸ್ಮೃತಿ ಪ್ರಾಯಶ್ಚಿತ್ತ ಹೇಳುತ್ತದೆ. ಅದೇ ಮನುಸ್ಮೃತಿ ಬೇಟೆ ಹಿಡಿಯುವ ಹೊತ್ತಿನ ನಾಯಿಯ ಬಾಯಿ, ಕೆಚ್ಚಲಿಗೆ ಬಾಯಿಟ್ಟ ಕರುವಿನ ಬಾಯಿ, ಹಣ್ಣು ಬೀಳಿಸುವ ಹಕ್ಕಿಯ ಕೊಕ್ಕು ಶುದ್ಧವೆನ್ನುತ್ತದೆ. ಇನ್ನೂ ಕುತೂಹಲದ ಸಂಗತಿ ಹಸುವಿನದು. ಪೂಜ್ಯವೆನಿಸಿದ ಹಸು ಮೂಸಿದ ಅನ್ನಕ್ಕೂ ಮಣ್ಣು ಚಿಮುಕಿಸಿ ಶುದ್ಧಿ ಮಾಡಬೇಕು. ಆಡು ಕುದುರೆಗಳ ಬಾಯಿ ಶುದ್ಧ, ಹಸುವಿನದಲ್ಲ ಎಂದು ಯಾಜ್ಞವಲ್ಕ್ಯ ಹೇಳುತ್ತಾನೆ. ಹಾಗಾಗಿ ಎಂಜಲಿನ ನಿಯಮ ಪ್ರಾಣಿಯ ಯೋಗ್ಯತೆಯನ್ನು ಅಳೆಯುವುದಿಲ್ಲ. ಅದು ಅನ್ನವನ್ನೂ ಅನ್ನ ಬಳಸುವ ಮನುಷ್ಯನ ಶಿಸ್ತನ್ನೂ ಕುರಿತದ್ದು. ಮಡಿಯುಟ್ಟವರ ಕಾಲಿಗೆ ಬೆಕ್ಕು ಮೈ ಉಜ್ಜಿದಾಗ ಮಡಿ ಕೆಡುವುದು ಮನುಷ್ಯರಿಗೆ, ಬೆಕ್ಕು ತನ್ನ ಪ್ರೀತಿಯನ್ನು ಹೇಳಿ ಹೋಗುತ್ತದೆ. ಇಸ್ಲಾಮಿನ ನ್ಯಾಯಚರ್ಚೆಯಲ್ಲೂ ಇದಕ್ಕೆ ಹತ್ತಿರದ ಪ್ರಸಂಗವಿದೆ. ಪ್ರವಾದಿಯ ಸಂಗಡಿಗ ಅಬೂ ಖತಾದಾ ಅವರ ವುಜೂ ನೀರಿಗೆ, ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ನೀರಿಗೆ, ಬೆಕ್ಕು ಬಂದಾಗ ಅವರು ಪಾತ್ರೆಯನ್ನೇ ಬಾಗಿಸಿ ಕುಡಿಸಿದರು. ಬೆರಗಾಗಿ ನೋಡುತ್ತಿದ್ದ ಸೊಸೆಗೆ, ಬೆಕ್ಕು ಅಶುದ್ಧವಲ್ಲ, ಮನೆಯೊಳಗೆ ನಿಮ್ಮ ಸುತ್ತ ಓಡಾಡುವವರಲ್ಲಿ ಅದೂ ಸೇರಿದೆ ಎಂಬ ಪ್ರವಾದಿವಚನವನ್ನು ತಿಳಿಸಿದರು ಎಂದು ಹದೀಸ್ ಸಂಗ್ರಹಗಳು ಹೇಳುತ್ತವೆ. ಒಟ್ಟಿಗೆ ಬಾಳುವುದೇ ಇಲ್ಲಿ ಶುದ್ಧಿಗೆ ಕಾರಣವಾಗುತ್ತದೆ.

ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು ಎಂಬುದನ್ನು ಈ ಜಾಗದಲ್ಲಿ ನೆನೆಯಬೇಕು. ಮನೆಯವರ ಊಟಕ್ಕೆ ಮೊದಲು ನಾಯಿ, ಕಾಗೆ, ಹುಳುಗಳ ಪಾಲನ್ನು ಮೆಲ್ಲನೆ ನೆಲದ ಮೇಲಿಡಬೇಕೆಂಬುದು ಅದರ ಕ್ರಮ. ಬೆಕ್ಕು ಮುಟ್ಟಿದ ಪಾಯಸವನ್ನು ಅದಕ್ಕೇ ಬಿಟ್ಟು ಬೇರೆ ಬಟ್ಟಲಲ್ಲಿ ಹೊಸದಾಗಿ ಎಡೆ ಇಡುವ ಮನೆಗಳ ರೂಢಿ ಈ ಕ್ರಮಕ್ಕೆ ಹೊಂದುತ್ತದೆ. ಭಕ್ತಿಪರಂಪರೆ ಇನ್ನೂ ಮುಂದೆ ಹೋಯಿತು. ರೊಟ್ಟಿ ಕಚ್ಚಿಕೊಂಡು ಓಡಿದ ನಾಯಿಯ ಹಿಂದೆ ಸಂತ ನಾಮದೇವ ತುಪ್ಪದ ಬಟ್ಟಲು ಹಿಡಿದು ಓಡಿದ ಕಥೆ ಕರ್ನಾಟಕದ ಕೀರ್ತನಕಾರರಿಗೂ ಪ್ರಿಯ. ಒಣ ರೊಟ್ಟಿ ಗಂಟಲಿಗೆ ಸಿಕ್ಕೀತೆಂಬುದು ಅವನ ಆತಂಕ. ನಾಯಿ ಹೊಡೆತಕ್ಕೆ ಹೆದರಿ ಓಡುತ್ತದೆ, ಸಂತ ಉಪಚಾರಕ್ಕೆಂದು ಓಡುತ್ತಾನೆ. ಕೇಳುವವರು ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ಮೈಲಾರಲಿಂಗನ ಗೊರವರಲ್ಲಿ ಭಕ್ತನೇ ನಾಯಿಯಾಗುತ್ತಾನೆ. ದೋಣಿಸೇವೆಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು ಕಲಸಿದ ದೋಣಿಗೆ ಗೊರವರು ನಾಯಿಗಳಂತೆ ಬೊಗಳುತ್ತಾ ಬಾಯಿ ಹಾಕಿ ತಿನ್ನುತ್ತಾರೆ. ಬೇರೆ ಕಡೆ ಎಡೆ ಕೆಡಿಸುವ ಅದೇ ವರ್ತನೆ ಇಲ್ಲಿ ಸೇವೆ.

ಮೀಮಾಂಸಕರ ತೀರ್ಮಾನಕ್ಕೆ ಗಟ್ಟಿಯಾದ ಭಿನ್ನಮತ ಜೈನರದು. ಪಂಚೇಂದ್ರಿಯವೂ ಮನಸ್ಸೂ ಇರುವ ಪ್ರಾಣಿ ಸಮ್ಯಗ್ದರ್ಶನ, ಅಂದರೆ ಸರಿಯಾದ ಶ್ರದ್ಧೆ, ಪಡೆಯಬಲ್ಲದು, ಭಾಗಶಃ ವ್ರತಗಳನ್ನೂ ಹಿಡಿಯಬಲ್ಲದು ಎಂದು ಅವರ ಸಿದ್ಧಾಂತ; ತೀರ್ಥಂಕರನ ಉಪದೇಶಸಭೆಯಾದ ಸಮವಸರಣದಲ್ಲಿ ಪ್ರಾಣಿಗಳಿಗೂ ಕೂರುವ ಜಾಗವಿದೆ. ಜಿನಸೇನರ ಆದಿಪುರಾಣದಲ್ಲೂ ಅದನ್ನು ಅನುಸರಿಸಿ ಪಂಪ 941ರಲ್ಲಿ ರಚಿಸಿದ ಕನ್ನಡ ಆದಿಪುರಾಣದಲ್ಲೂ ರಾಜ ವಜ್ರಜಂಘ ಮತ್ತು ರಾಣಿ ಶ್ರೀಮತಿಯರು ಕಾಡಿನಲ್ಲಿ ಮುನಿಗಳಿಗೆ ಆಹಾರದಾನ ಮಾಡುವ ಸಂದರ್ಭ ಬರುತ್ತದೆ. ಹುಲಿ, ಹಂದಿ, ಕೋತಿ, ಮುಂಗುಸಿ ಪಕ್ಕದಲ್ಲೇ ನಿಂತು ನೋಡುತ್ತವೆ. ತಟ್ಟೆಗೆ ಬಾಯಿ ಹಾಕದೆ, ಕೊಡುವುದನ್ನು ಕಂಡು ಸಂತೋಷಪಟ್ಟದ್ದೇ ಅವುಗಳ ಪುಣ್ಯವಾಗಿ, ಮುಂದೆ ಸುಖದ ನೆಲೆಯಾದ ಭೋಗಭೂಮಿಯಲ್ಲಿ ಹುಟ್ಟುತ್ತವೆ. ಮುಂಗುಸಿ ಹಿಂದಿನ ಜನ್ಮದಲ್ಲಿ ಭಕ್ಷ್ಯ ಮಾರುತ್ತಿದ್ದ ಲೋಭಿಯೆಂದು ಜಿನಸೇನರು ಹೇಳುತ್ತಾರೆ. ತಿಂಡಿಯ ಆಸೆ ಪ್ರಾಣಿಯದೇ ಗುಣ ಎಂಬ ಮನುಷ್ಯರ ನಂಬಿಕೆಗೆ ಇದಕ್ಕಿಂತ ಚುರುಕಾದ ಉತ್ತರ ಅಪರೂಪ. ಈ ದೃಷ್ಟಿಯಲ್ಲಿ ಎಡೆಯ ಮುಂದೆ ಜೊಲ್ಲು ಸುರಿಸುತ್ತಲೂ ಕೂತಲ್ಲೇ ಕೂತ ನಾಯಿಯನ್ನು ಬರಿಯ ಪಳಗಿಸಿದ ಜೀವವೆಂದು ಬಿಡಲಾಗದು. ಅದರೊಳಗೆ ಸಂಯಮದ ಮೊಳಕೆಯಿರಬಹುದು. ಮೀಮಾಂಸೆ ಪ್ರಾಣಿಯನ್ನು ದೋಷದಿಂದ ಬಿಡಿಸುತ್ತದೆ, ಆದರೆ ಅದಕ್ಕೆ ಒಳ್ಳೆಯತನದ ಕೀರ್ತಿಯನ್ನು ಕೊಡುವುದಿಲ್ಲ. ಆ ಕೊರತೆಯನ್ನು ಜೈನದೃಷ್ಟಿ ತುಂಬುತ್ತದೆ. ಪ್ರಾಣಿಯೊಂದಿಗೆ ವರ್ಷಗಟ್ಟಲೆ ಬಾಳಿದವರ ಅನುಭವಕ್ಕೆ ಹೆಚ್ಚು ಹತ್ತಿರವಾದದ್ದೂ ಇದೇ.

ತುಂಟ ಪ್ರಾಣಿ ಆಚರಣೆಯನ್ನೇ ತಿದ್ದಿಬಿಡುವುದೂ ಉಂಟು. ಶ್ರಾದ್ಧದ ದಿನ ಹಾಲು ಮೊಸರಿಗೆ ಬಾಯಿ ಹಾಕುತ್ತದೆಂದು ಮನೆಯ ಬೆಕ್ಕನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟರು. ಅದನ್ನು ನೋಡಿ ಬೆಳೆದ ಮಗ ಮುಂದೆ ಬೆಕ್ಕಿಲ್ಲದ ಮನೆಯಲ್ಲಿ ಶ್ರಾದ್ಧಕ್ಕೆಂದು ಊರೆಲ್ಲ ಅಲೆದು ಬೆಕ್ಕು ಹಿಡಿದು ತಂದ. ಕನ್ನಡಿಗರೆಲ್ಲ ಬಲ್ಲ ಈ ಕಥೆಯ ಹಿಂದಿರುವ ತತ್ವವನ್ನು ಮೀಮಾಂಸಾಸೂತ್ರದ ಮೊದಲ ಅಧ್ಯಾಯದ ಸ್ಮೃತಿಪಾದ ಚರ್ಚಿಸುತ್ತದೆ. ಒಂದು ರೂಢಿಗೆ ಲೌಕಿಕ ಕಾರಣ ಕಣ್ಣಿಗೆ ಕಾಣುತ್ತಿದ್ದರೆ ಅದಕ್ಕೆ ವೇದದ ಆಧಾರವನ್ನು ಊಹಿಸಬೇಕಿಲ್ಲ. ಬುಟ್ಟಿಗೆ ಕಾರಣ ಹಾಲು. ಹಾಲಿಗೆ ಮುಚ್ಚಳವಿದ್ದಲ್ಲಿ ಬುಟ್ಟಿಯೂ ಬೇಡ, ಬೆಕ್ಕೂ ಬೇಡ.

ಪ್ರಾಣಿಯೇ ಆ ದಿನದ ದೇವರಾದಾಗ ಎಂಜಲಿನ ಪ್ರಶ್ನೆಯೇ ಏಳುವುದಿಲ್ಲ. ನೇಪಾಳದ ತಿಹಾರ್ ಹಬ್ಬದಲ್ಲಿ ಮೊದಲ ದಿನ ಕಾಗೆಗೆ, ಎರಡನೆಯ ದಿನ ನಾಯಿಗೆ ಪೂಜೆ; ಬೀದಿನಾಯಿಯ ಕೊರಳಿಗೂ ಚೆಂಡುಹೂವಿನ ಹಾರ, ಹಣೆಗೆ ತಿಲಕ, ಬಾಯಿಗೆ ಇಷ್ಟದ ತಿನಿಸು. ಮಲೆನಾಡಿನಲ್ಲಿ ಬಲಿಪಾಡ್ಯಮಿಯಂದು ದನಗಳ ಮೈ ತೊಳೆದು, ಕೆಮ್ಮಣ್ಣು ಶೇಡಿಯ ಅಚ್ಚೊತ್ತಿ, ಅಡಿಕೆ ಹೂವುಗಳ ಸರ ಕಟ್ಟಿ ಪೂಜಿಸುತ್ತಾರೆ. ಮಂಗಳಾರತಿ ಮುಗಿಯುವ ತನಕ ನಿಲ್ಲುವ ತಾಳ್ಮೆ ಎಲ್ಲ ದನಕ್ಕೂ ಇರುವುದಿಲ್ಲ. ಒಂದು ಪಕ್ಕದ ಹಸುವಿನ ಸರಕ್ಕೆ ನಾಲಗೆ ಚಾಚುತ್ತದೆ, ಇನ್ನೊಂದು ಗೋಗ್ರಾಸದ ತಟ್ಟೆಯನ್ನೇ ಎಳೆದುಕೊಳ್ಳುತ್ತದೆ, ಕರು ಆರತಿಯ ತಟ್ಟೆಗೆ ಮೂಗು ತೂರಿಸುತ್ತದೆ. ಗದರುವವರು ಯಾರೂ ಇರುವುದಿಲ್ಲ. ನೈವೇದ್ಯ ಸಲ್ಲಬೇಕಾದ ಬಾಯಿಗೇ ಸಲ್ಲಿರುತ್ತದೆ.