ಸೋಲಿನಲ್ಲಿ ಶೀಲ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಕ್ರೀಡಾಕೂಟದ ದಿನಗಳು ಬಂದವೆಂದರೆ ಬಯಲಿನ ಅಂಚಿನಲ್ಲಿ ತಂದೆತಾಯಿಗಳು ಸೇರುತ್ತಾರೆ. ಕಬಡ್ಡಿಯಲ್ಲಿಯೋ ಖೋಖೋದಲ್ಲಿಯೋ ಸೋತು ಮುಖ ಬಾಡಿಸಿಕೊಂಡು ಬರುವ ಮಗುವಿಗೆ ಅಲ್ಲಿ ದೊರೆಯುವ ಸಾಂತ್ವನವು ಸಾಮಾನ್ಯವಾಗಿ ಎರಡು ಬಗೆಯದು. ‘ಹೋಗಲಿ ಬಿಡು, ಆಟ ತಾನೆ’ ಎಂಬುದು ಒಂದು. ‘ತೀರ್ಪು ಕೊಟ್ಟವನೇ ಸರಿಯಿಲ್ಲ’ ಎಂಬುದು ಇನ್ನೊಂದು. ಎರಡನೆಯ ಮಾತು ಕೆಟ್ಟದ್ದೆಂದು ಎಲ್ಲರೂ ಬಲ್ಲರು. ಮೊದಲನೆಯದು ಮಾತ್ರ ವೈರಾಗ್ಯದ ಮಾತಿನಂತೆ ಕೇಳಿಸುವುದರಿಂದ ಅದರ ದೋಷವು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಸ್ತುತಿನಿಂದೆಗಳೆರಡರಲ್ಲಿಯೂ ಸಮಾಧಾನಿಯಾಗಿರಬೇಕೆಂದು ಅಕ್ಕಮಹಾದೇವಿಯೇ ಬೋಧಿಸಿರುವಾಗ, ಸೋಲನ್ನು ಹಗುರವಾಗಿ ತಳ್ಳಿಬಿಡುವುದು ಶರಣಮಾರ್ಗವೇ ಅಲ್ಲವೆ ಎಂದು ಗೃಹಸ್ಥನೊಬ್ಬನು ಕೇಳಬಹುದು.

ಅಲ್ಲ. ಶರಣರು ಸಮತೆಯನ್ನು ಬೋಧಿಸಿದವರಾದಂತೆಯೇ ಕಾಯಕವನ್ನೂ ಬೋಧಿಸಿದವರು. ಮಾಡುವ ಕೆಲಸದಲ್ಲಿ ತನುಮನಗಳನ್ನು ಪೂರ್ಣವಾಗಿ ತೊಡಗಿಸದವನಿಗೆ ಸೋಲು ನೋಯಿಸುವುದಿಲ್ಲವೆಂಬುದೇನೋ ನಿಜ. ಆದರೆ ಅದು ಸಮತೆಯಲ್ಲ, ಬರಿಯ ಉದಾಸೀನತೆ. ಹೊಲ ಉಳದವನಿಗೆ ಆಲಿಕಲ್ಲಿನ ಮಳೆಯ ಭಯವೆಲ್ಲಿಯದು? ದುಡಿದವನಿಗೆ ನೋವಾಗಲೇಬೇಕು; ನೋವು ದುಡಿಮೆಯ ನೆರಳು. ಇನ್ನು ಆ ನೋವು ಯಾವುದರ ಮೇಲೆ ನಿಂತಿದೆಯೆಂಬುದೇ ವಿಚಾರಣೀಯವಾದದ್ದು. ‘ಕೆಲಸ ಕೆಟ್ಟಿತು’ ಎಂಬ ನೋವು ಒಂದು, ‘ನಾನು ಕೆಟ್ಟೆ’ ಎಂಬ ನೋವು ಮತ್ತೊಂದು. ಮೊದಲನೆಯದು ಮರುದಿನ ಬೆಳಗ್ಗೆ ಮನುಷ್ಯನನ್ನು ಮತ್ತೆ ಬಯಲಿಗೆ ಕರೆತರುತ್ತದೆ. ಎರಡನೆಯದು ಅಹಂಕಾರದ ಗಾಯವಾದ್ದರಿಂದ ತನ್ನ ಬೇನೆಗೆ ಹೊಣೆಗಾರನನ್ನು ಹುಡುಕುತ್ತ ಅಲೆಯುತ್ತದೆ; ತೀರ್ಪುಗಾರನೋ, ಜೊತೆಯ ಆಟಗಾರನೋ, ನೆಲವೋ, ಮಳೆಯೋ, ಯಾವುದಾದರೂ ಆದೀತು.

ಈ ಜಿಲ್ಲೆಗೆ ಸಂಬಂಧಿಸಿದ ಹೆಸರೊಂದನ್ನೇ ತೆಗೆದುಕೊಂಡು ನೋಡಬಹುದು. ಅರಸೀಕೆರೆ ತಾಲ್ಲೂಕಿನ ಜಾವಗಲ್ಲನ್ನು ತಮ್ಮ ಹೆಸರಿನ ಮೊದಲಲ್ಲಿಯೇ ಹೊತ್ತಿರುವ, ಮೈಸೂರಿನಲ್ಲಿ 1969ರಲ್ಲಿ ಜನಿಸಿದ ಜಾವಗಲ್ ಶ್ರೀನಾಥರು 1999ರ ಮೊದಲ ಎರಡು ತಿಂಗಳುಗಳಲ್ಲಿ ಎರಡು ಕಠಿನವಾದ ಸೋಲುಗಳನ್ನು ಕಂಡರು. ಜನವರಿಯ ಕೊನೆಯಲ್ಲಿ ಚೆನ್ನೈಯಲ್ಲಿ ಪಾಕಿಸ್ತಾನದ ಎದುರು ಭಾರತಕ್ಕೆ 271 ಓಟಗಳು ಬೇಕಾಗಿದ್ದವು. ಸಚಿನ್ ತೆಂಡೂಲ್ಕರರು 136 ಓಟಗಳನ್ನು ಗಳಿಸಿ ಗುರಿಯ ಹೊಸ್ತಿಲಿಗೆ ತಂದು ನಿಲ್ಲಿಸಿ ಹೊರನಡೆದ ಮೇಲೆ ಉಳಿದವರು ಬೇಗಬೇಗನೆ ಬಿದ್ದರು. ಕೊನೆಯವರಾಗಿ ಔಟಾದವರು ಶ್ರೀನಾಥರೇ. ತಡೆದ ಚೆಂಡು ಹಿಂದಕ್ಕೆ ಉರುಳಿ ವಿಕೆಟ್ಟನ್ನು ತಾಕಿತು. ಸೋತದ್ದು ಕೇವಲ 12 ಓಟಗಳಿಂದ. ಮರುತಿಂಗಳು ಕಲ್ಕತ್ತೆಯಲ್ಲಿ ಅದೇ ಎದುರಾಳಿಗಳ ಮೇಲೆ ಅವರು ಎರಡು ಸರದಿಗಳಿಂದ 13 ವಿಕೆಟ್ಟುಗಳನ್ನು ಪಡೆದರು. ಎರಡನೆಯ ಸರದಿಯ ಎಂಟು ವಿಕೆಟ್ಟುಗಳನ್ನು ಪಡೆದದ್ದು 86 ಓಟಗಳಿಗೆ. ಒಬ್ಬ ವೇಗದ ಬೌಲರನ ಬಾಳಿನಲ್ಲಿ ಅಂಥ ಪಂದ್ಯ ಒಂದು ಬಂದರೆ ಭಾಗ್ಯ. ಆದರೂ ಭಾರತವು 46 ಓಟಗಳಿಂದ ಸೋತಿತು.

ಇಲ್ಲಿ ಆಟಗಾರನಿಗಿಂತ ನೋಟಕರ ನಡತೆಯು ಹೆಚ್ಚು ಪಾಠ ಹೇಳುವಂಥದು. ಚೆನ್ನೈಯ ಜನರು ತಮ್ಮ ತಂಡ ಸೋತ ಆ ಗಳಿಗೆಯಲ್ಲಿಯೇ ಎದ್ದು ನಿಂತು, ಬಯಲನ್ನು ಸುತ್ತಿಬಂದ ಪಾಕಿಸ್ತಾನದ ಆಟಗಾರರಿಗೆ ಕರತಾಡನ ಮಾಡಿದರು. ಮೂರು ವಾರಗಳೊಳಗೆ ಕಲ್ಕತ್ತೆಯಲ್ಲಿ ಗಲಭೆಯೆದ್ದು, ನೋಟಕರನ್ನೆಲ್ಲ ಹೊರಕ್ಕೆ ಕಳುಹಿಸಿ, ಬರಿದಾದ ಮೆಟ್ಟಿಲುಗಳ ನಡುವೆ ಪಂದ್ಯವನ್ನು ಮುಗಿಸಬೇಕಾಯಿತು. ಚೆಂಡು ಎಸೆದು ಬೆವರು ಸುರಿಸಿದವರು ಸುಮ್ಮನಿರಲು, ಕುಳಿತು ನೋಡಿದವರು ಕೆರಳಿದರು. ಕಾಯಕವಿಲ್ಲದೆ ಪ್ರಸಾದಕ್ಕೆ ಕೈಯೊಡ್ಡುವವನ ಹಸಿವು ಇಂಥದೇ. ತನ್ನ ಪಾಲಿನ ದುಡಿಮೆಯೇನೂ ಇಲ್ಲದುದರಿಂದ ಅವನಿಗೆ ಫಲವೊಂದೇ ಕಾಣುತ್ತದೆ. ಫಲ ತಪ್ಪಿದರೆ ಹಿಡಿದುಕೊಳ್ಳಲು ಬೇರೇನೂ ಇರುವುದಿಲ್ಲ. ಊರಿನ ಜಾತ್ರೆಯ ಕುಸ್ತಿಯಲ್ಲಿಯೂ ಜಟ್ಟಿಗಳು ಕೈಕುಲುಕಿ ಹೋದ ಮೇಲೆ ಬಡಿದಾಡುವವರು ನೋಡಲು ಬಂದವರೇ ಅಲ್ಲವೆ?

ಸೋಲನ್ನು ತಾಳಿಕೊಳ್ಳುವುದು ಹೀಗಿರಲಿ. ಗೆಲುವು ಕೈಗೆ ಬರುತ್ತಿರುವಾಗ ಅದನ್ನು ಹಿಂದಿರುಗಿಸಿ ಸೋಲನ್ನು ಬರಮಾಡಿಕೊಳ್ಳಬಹುದೆ ಎಂಬುದು ಇನ್ನೂ ತೊಡಕಾದ ಪ್ರಶ್ನೆ. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರಿಗೆ 1980ರ ಫೆಬ್ರವರಿಯಲ್ಲಿ ಈ ಪ್ರಶ್ನೆ ಎದುರಾಯಿತು. ಭಾರತದ ಕ್ರಿಕೆಟ್ ಮಂಡಲಿಗೆ ಐವತ್ತು ವರ್ಷ ತುಂಬಿದ ನೆನಪಿಗಾಗಿ ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ಆಡಿದ ಟೆಸ್ಟಿಗೆ ಅವರು ನಾಯಕರು. ಇಂಗ್ಲೆಂಡು 58 ಓಟಗಳಿಗೆ ಐದು ವಿಕೆಟ್ಟುಗಳನ್ನು ಕಳೆದುಕೊಂಡಿತ್ತು. ಬಾಬ್ ಟೇಲರ್ ಮತ್ತು ಇಯಾನ್ ಬಾಥಮ್ ಜೊತೆಗೂಡಿದ್ದರು. ಕಪಿಲ್ ದೇವರ ಚೆಂಡಿಗೆ ಟೇಲರ್ ಹಿಂದೆ ಕ್ಯಾಚಿತ್ತರೆಂದು ಅಂಪೈರರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಲಿಲ್ಲವೆಂಬುದು ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಖಚಿತವಾಗಿತ್ತು. ಅವರು ಅಂಪೈರರಲ್ಲಿಗೆ ಹೋಗಿ ಮನವಿ ಮಾಡಿ ಟೇಲರರನ್ನು ಹಿಂದಕ್ಕೆ ಕರೆಸಿದರು. ಆ ಜೋಡಿ 171 ಓಟಗಳನ್ನು ಕೂಡಿಸಿತು. ಭಾರತವು ಹತ್ತು ವಿಕೆಟ್ಟುಗಳಿಂದ ಸೋತಿತು. ವಿಶ್ವನಾಥರು ಭಾರತಕ್ಕೆ ನಾಯಕರಾಗಿ ಆಡಿದ ಟೆಸ್ಟುಗಳು ಎರಡೇ, ಇದೇ ಕೊನೆಯದು.

ಇದನ್ನು ಹೊಗಳುವವರು ಬಹಳ ಮಂದಿ. ಆದರೆ ಹೊಗಳುವ ಮೊದಲು ಎದುರುವಾದವನ್ನೂ ಕೇಳಬೇಕು. ನಾಯಕನು ಒಬ್ಬನೇ ಅಲ್ಲ. ಅವನ ಹಿಂದೆ ಹತ್ತು ಮಂದಿಯ ಶ್ರಮವಿದೆ. ಇತರರ ಸ್ವತ್ತನ್ನು ದಾನ ಮಾಡಿ ಉದಾರಿಯೆನಿಸಿಕೊಳ್ಳುವ ಅಧಿಕಾರ ಅವನಿಗೆಲ್ಲಿಯದು? ಅಲ್ಲದೆ ತೀರ್ಪು ಕೊಡುವವನು ಅಂಪೈರನೇ ಹೊರತು ಆಟಗಾರನಲ್ಲ. ಅವನು ಕೊಟ್ಟದ್ದನ್ನು ಪಡೆಯುವುದರಲ್ಲಿ ನಿಯಮದ ದೋಷವೇನೂ ಇಲ್ಲ. ವಾದವು ಬಲವಾದದ್ದೇ.

ಇದಕ್ಕೆ ಉತ್ತರವು ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿದೆ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಅದು ಕಳವಿನ ಅಕ್ಕಿಯಲ್ಲ. ಬೇಡವೆಂದವರೂ ಯಾರೂ ಇಲ್ಲ. ಅದರಿಂದ ನಡೆಯಬೇಕಾದದ್ದಾದರೋ ಜಂಗಮ ದಾಸೋಹವೇ. ಆದರೂ ಲಕ್ಕಮ್ಮನು ಹೆಚ್ಚಿನದನ್ನು ಅಲ್ಲಿಗೇ ಹಿಂದಿರುಗಿಸಿ ಬರುವಂತೆ ಗಂಡನನ್ನು ಕಳುಹಿಸಿದಳು. ತಮ್ಮ ಕಾಯಕಕ್ಕೆ ಸಲ್ಲದ ಅಕ್ಕಿಯು ಮನೆಯ ಸ್ವತ್ತೇ ಆಗಲಿಲ್ಲವೆಂಬುದು ಅವಳ ನಿಶ್ಚಯ. ಸ್ವತ್ತಾಗದುದನ್ನು ಬಿಟ್ಟುಕೊಡುವುದು ದಾನವಲ್ಲ, ಲೆಕ್ಕವನ್ನು ಸರಿಪಡಿಸುವುದು. ಟೇಲರರ ವಿಕೆಟ್ಟೂ ಅಂಥದೇ. ಕಪಿಲರ ಚೆಂಡು ಅದನ್ನು ಗಳಿಸಿರಲಿಲ್ಲ. ಆದುದರಿಂದ ಅದು ಆ ಹತ್ತು ಮಂದಿಯದೂ ಆಗಿರಲಿಲ್ಲ. ವಿಶ್ವನಾಥರು ಇತರರ ಗಳಿಕೆಯನ್ನು ದಾನ ಮಾಡಿದರೆಂಬ ಮಾತು ಇಲ್ಲಿ ನಿಲ್ಲಲಾರದು. ನಿಯಮವು ಒಪ್ಪಿದ್ದೆಲ್ಲವನ್ನೂ ಮನೆಯೊಳಕ್ಕೆ ತರಬಹುದೆಂದರೆ ಲಕ್ಕಮ್ಮನ ಕಥೆಯನ್ನು ಮಠಗಳಲ್ಲಿ ಇಷ್ಟು ಕಾಲ ಹೇಳಿಕೊಂಡು ಬರಬೇಕಾಗಿರಲಿಲ್ಲ. ಆ ಕಥೆ ಕೇಳಿ ತಲೆದೂಗುವ ಗೃಹಸ್ಥನು ತನ್ನ ಮಗನು ‘ಚೆಂಡು ನನ್ನ ಕೈಗೆ ತಾಗಿತ್ತು’ ಎಂದು ತಾನೇ ಒಪ್ಪಿಕೊಂಡು ಪಂದ್ಯ ಕಳೆದುಕೊಂಡು ಬಂದ ಸಂಜೆ ಏನು ಹೇಳುವನೆಂಬುದು ಬೇರೆ ವಿಷಯ.

ಚನ್ನರಾಯಪಟ್ಟಣ ತಾಲ್ಲೂಕಿನವರಿಗೆ ಸೋಲುಗೆಲುವಿನ ಮತ್ತೊಂದು ಕಥೆ ಬೆಟ್ಟದ ಮೇಲೆಯೇ ನಿಂತಿದೆ. ಅದು ಜೈನರ ಕಥೆಯಾದರೂ ಒಳ್ಳೆಯದನ್ನು ನೆರೆಮನೆಯಿಂದ ತರುವುದರಲ್ಲಿ ಕುಂದಿಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ತಮ್ಮನಿಗೆ ಸೋತ ಭರತನು ಒಪ್ಪಂದವನ್ನು ಮೀರಿ ಚಕ್ರವನ್ನು ಪ್ರಯೋಗಿಸಿದನು. ‘ನಾನು ಕೆಟ್ಟೆ’ ಎಂಬ ನೋವು ಚಕ್ರವರ್ತಿಯನ್ನೂ ಎಲ್ಲಿಗೆ ಇಳಿಸುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಗೆದ್ದ ಬಾಹುಬಲಿಯು ರಾಜ್ಯವನ್ನು ತೊರೆದು ತಪಸ್ಸಿಗೆ ನಿಂತರೂ ಮನದ ಮೂಲೆಯಲ್ಲಿ ಒಂದು ಮುಳ್ಳು ಉಳಿದೇ ಇತ್ತಂತೆ. ಸೋತ ಅಣ್ಣನು ಬಂದು ನಮಿಸಿದ ಮೇಲೆಯೇ ಅದು ಕಳೆಯಿತೆಂದು ಹೇಳುತ್ತಾರೆ. ಸೋತವನ ಹೃದಯ ತಿಳಿಯಾಗದೆ ಗೆದ್ದವನ ಗೆಲುವೂ ಪೂರ್ಣವಾಗದೆಂಬ ಈ ಭಾಗವನ್ನು ಶ್ರವಣಬೆಳಗೊಳಕ್ಕೆ ಹೋಗಿಬರುವವರು ಅಷ್ಟಾಗಿ ನೆನೆಯುವುದಿಲ್ಲ.

ಶ್ರೀನಾಥರಿಗೆ ಎಲ್ಲಕ್ಕಿಂತ ದೊಡ್ಡ ಸೋಲು ಬಂದದ್ದು 2003ರ ಮಾರ್ಚ್ 23ರಂದು, ಜೊಹಾನೆಸ್‌ಬರ್ಗಿನಲ್ಲಿ ನಡೆದ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ. ಆ ಕೂಟದಲ್ಲಿ 16 ವಿಕೆಟ್ಟುಗಳನ್ನು ಪಡೆದಿದ್ದವರು ಅಂದು ಹತ್ತು ಓವರುಗಳಲ್ಲಿ 87 ಓಟಗಳನ್ನು ಕೊಟ್ಟರು, ವಿಕೆಟ್ಟು ಒಂದೂ ದೊರೆಯಲಿಲ್ಲ. ಆಸ್ಟ್ರೇಲಿಯವು ಎರಡೇ ವಿಕೆಟ್ಟಿಗೆ 359 ಓಟಗಳನ್ನು ಪೇರಿಸಿ 125 ಓಟಗಳಿಂದ ಗೆದ್ದಿತು. ಭಾರತಕ್ಕಾಗಿ ಅವರು ಆಡಿದ ಕೊನೆಯ ಪಂದ್ಯವೂ ಅದೇ ಆಯಿತು. ಅದನ್ನು ತೊಳೆಯಲು ಮತ್ತೊಂದು ಪಂದ್ಯವು ಬರಲಿಲ್ಲ. 2006ರಿಂದ ಅವರು ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ರೆಫರಿಯ ಕೆಲಸವನ್ನು ಕೈಗೊಂಡರು. ತೀರ್ಪಿಗೆ ಮುನಿದು ಬ್ಯಾಟನ್ನು ನೆಲಕ್ಕೆ ಕುಕ್ಕಿದವನನ್ನೂ ಎದುರಾಳಿಯನ್ನು ಬೈದವನನ್ನೂ ಸಂಜೆ ಎದುರಿಗೆ ಕೂರಿಸಿಕೊಂಡು ವಿಚಾರಿಸುವ ಕೆಲಸವದು.