ಬಸಿರಿನ ಹಕ್ಕು ಮತ್ತು ಗಂಟೆಗಳ ಲೆಕ್ಕ

ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮೇಲೆ ಬದುಕುತ್ತಿರುವ ಹೆಂಗಸು ಬಸುರಿಯಾದರೆ ಸುತ್ತಲಿನವರು ಎರಡು ಮಾತಾಡುತ್ತಾರೆ. "ಇವಳಿಗ್ಯಾಕೆ ಬೇಕಿತ್ತು ಇದೆಲ್ಲ?" ಅನ್ನೋದು ಒಂದು. "ಒಂದು ಮಗೂನೂ ಹೆರದಿದ್ದರೆ ಇವಳಿದ್ದೇನು ಬಂತು?" ಅನ್ನೋದು ಇನ್ನೊಂದು. ಎರಡು ಮಾತಿನಲ್ಲೂ ಆ ಹೆಂಗಸಿಲ್ಲ. ಅವಳ ಮೈ ಇದೆ, ಆ ಮೈಯ ಮೇಲೆ ಬೇರೆಯವರ ತೀರ್ಪಿದೆ. ಇದು ಆಸ್ಪತ್ರೆಯ ಪ್ರಶ್ನೆ ಮಾತ್ರ ಅಂತ ನಾವು ಸುಮ್ಮನಿರೋ ಹಾಗಿಲ್ಲ.

ಮೊದಲು ಮೈಯ ಸಂಗತಿ ನೋಡೋಣ. ಮೂತ್ರಪಿಂಡ ಸೋತವರಲ್ಲಿ ಮುಟ್ಟು ಏರುಪೇರಾಗುತ್ತೆ, ರಕ್ತ ಕಮ್ಮಿಯಾಗುತ್ತೆ, ಗರ್ಭ ನಿಲ್ಲೋದೇ ಅಪರೂಪ. ನಿಂತರೂ ತಾಯಿಯ ರಕ್ತದಲ್ಲಿ ಉಳಿದ ಯೂರಿಯಾ ಮಗುವಿನ ಮೈಗೂ ಹೋಗುತ್ತೆ. ಮಗು ಹೆಚ್ಚು ಮೂತ್ರ ಮಾಡಿ ಗರ್ಭಚೀಲದ ನೀರು ಏರುತ್ತೆ, ದಿನ ತುಂಬುವ ಮೊದಲೇ ಹೆರಿಗೆಯಾಗುತ್ತೆ. ತಾಯಿಯ ರಕ್ತದೊತ್ತಡ ಏರಿ ಅವಳ ಜೀವಕ್ಕೂ ಅಪಾಯ. ಇಂಥ ತಾಯಿಯೊಬ್ಬಳು ಬದುಕಿ ಉಳಿದ ಮಗುವನ್ನು ಹೆತ್ತ ಮೊದಲ ವರದಿ ಬಂದದ್ದು 1971ರಲ್ಲಿ, ಇಟಲಿಯ ವೆರೋನಾದಿಂದ. 1980ರಲ್ಲಿ ಯುರೋಪಿನ ವೈದ್ಯರು ಕೂಡಿಸಿದ ಲೆಕ್ಕದಲ್ಲಿ, ತೆಗೆಸದೆ ಉಳಿಸಿಕೊಂಡ ಬಸಿರುಗಳಲ್ಲಿ ಮಗು ದಕ್ಕಿದ್ದು ಕಾಲುಭಾಗಕ್ಕಿಂತ ಕಮ್ಮಿ. ಹಾಗಾಗಿ "ಬೇಡಮ್ಮ" ಅನ್ನೋದೇ ವೈದ್ಯರ ಬಾಯಲ್ಲಿ ವೇದವಾಯಿತು.

2014ರಲ್ಲಿ ಕೆನಡಾ ಮತ್ತು ಅಮೆರಿಕದ ಬಸುರಿಯರ ಲೆಕ್ಕ ಹೊರಬಂತು. ಸಣ್ಣ ಲೆಕ್ಕವೇ, ಆದರೂ ದೊಡ್ಡ ಮಾತು ಹೇಳಿತು. ವಾರಕ್ಕೆ 20 ಗಂಟೆ ಅಥವಾ ಅದಕ್ಕೂ ಕಮ್ಮಿ ಡಯಾಲಿಸಿಸ್ ಆದವರಲ್ಲಿ ಮಗು ಜೀವಂತ ಹುಟ್ಟಿದ್ದು ನೂರಕ್ಕೆ 48. ವಾರಕ್ಕೆ 36 ಗಂಟೆಗಿಂತ ಹೆಚ್ಚು ಆದವರಲ್ಲಿ 85. ರಕ್ತ ಹೆಚ್ಚು ಹೊತ್ತು ತೊಳೆದಷ್ಟೂ ಮಗು ಉಳಿಯುತ್ತೆ.

ನಮ್ಮಲ್ಲಿ ಎಷ್ಟು ಗಂಟೆ? ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಒಟ್ಟು 12. ಎಷ್ಟೋ ಜನಕ್ಕೆ ಸಿಗೋದು ಎರಡೇ ಸಲ, ಅಂದರೆ 8. 2016ರಲ್ಲಿ ಬಡವರಿಗೆ ಪುಕ್ಕಟೆ ಡಯಾಲಿಸಿಸ್ ಯೋಜನೆ ಬಂತು, ಒಳ್ಳೆಯದೇ. ಆದರೆ ಬಸ್ ಚಾರ್ಜು, ಹೋದ ಕೂಲಿ, ಜೊತೆಗೆ ಬಂದವರ ಕೂಲಿ ಯಾವ ಯೋಜನೆಯ ಲೆಕ್ಕ? ಹಾಗಿರುವಾಗ "ನಿನ್ನ ಮೈ ತಡೆಯಲ್ಲಮ್ಮ" ಅನ್ನೋದು ಅರ್ಧ ಸತ್ಯ. ಪೂರ್ತಿ ಸತ್ಯ ಹೀಗಿದೆ: "ನಿನಗೆ ಕೊಡೋ ಗಂಟೆಗಳಲ್ಲಿ ನಿನ್ನ ಮೈ ತಡೆಯಲ್ಲ." ಹಂಚಿಕೆಯ ದೋಷವನ್ನು ಮೈಯ ದೋಷ, ಹುಟ್ಟಿನ ದೋಷ ಅಂತ ತಿರುಗಿಸಿ ಹೇಳೋ ವಿದ್ಯೆ ಈ ದೇಶದಲ್ಲಿ ಹಳೇದು. ಅದನ್ನ ಕರ್ಮ ಅಂತ ಕರೀತಿದ್ದರು.

ಕಷ್ಟದ ಪ್ರಶ್ನೆಯೊಂದಿದೆ, ತಪ್ಪಿಸಿಕೊಳ್ಳಬಾರದು. ಒಬ್ಬಳಿಗೆ 36 ಗಂಟೆ ಕೊಟ್ಟರೆ ಮೂವರ ಪಾಲು ಹೋಯಿತು. ಸಾಲಲ್ಲಿ ಕಾಯ್ತಿರೋ ಆ ಮೂವರೂ ಬಡವರೇ. ಅಮೆರಿಕದ ಸಿಯಾಟಲ್‌ನಲ್ಲಿ 1960ರ ದಶಕದಲ್ಲಿ ಯಂತ್ರ ಕಮ್ಮಿ, ರೋಗಿಗಳು ಜಾಸ್ತಿ. ಯಾರು ಬದುಕಬೇಕು ಅಂತ ಆರಿಸೋಕೆ ಒಂದು ಸಮಿತಿ ಮಾಡಿದರು. ಅದು ಮದುವೆ, ಆದಾಯ, ಓದು, ಉದ್ಯೋಗ ತೂಗಿ ನೋಡಿತು. 1972ರಲ್ಲಿ ಖರ್ಚನ್ನು ಸರ್ಕಾರ ಹೊರುವ ಕಾನೂನು ಬಂದ ಮೇಲೆ ಅಲ್ಲಿ ಆ ತಕ್ಕಡಿ ಬೇಡವಾಯಿತು. ನಾವು ಕಲಿಯಬೇಕಾದ್ದು ಇದು. ಇನ್ನೊಬ್ಬ ರೋಗಿಯ 12 ಗಂಟೆ ಕಿತ್ತು ಬಸುರಿಗೆ ಕೊಡಿ ಅಂತ ನಾವು ಕೇಳಲಾಗದು. ಯಂತ್ರ ಹೆಚ್ಚಿಸಿ, ರಾತ್ರಿ ನಿಂತಿರೋ ಯಂತ್ರ ಓಡಿಸಿ, ಅದಕ್ಕೆ ನರ್ಸು, ಟೆಕ್ನಿಷಿಯನ್ ನೇಮಿಸಿ ಅಂತ ಕೇಳಲೇಬೇಕು. ಬಡವರ ಕೈಲಿ ತಕ್ಕಡಿ ಕೊಟ್ಟು ಬಡವರನ್ನೇ ತೂಗಿಸೋದು ನ್ಯಾಯವಲ್ಲ.

ತಾಯ್ತನದ ಖರ್ಚು ಯಾರದು ಅನ್ನೋ ಪ್ರಶ್ನೆ ನಮಗೆ ಹೊಸದಲ್ಲ. 1928ರಲ್ಲಿ ಕಾರ್ಖಾನೆ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆ ಮುಂಬಯಿ ಶಾಸನ ಪರಿಷತ್ತಿಗೆ ಬಂದಾಗ ಬಾಬಾಸಾಹೇಬರು ಅದನ್ನು ಬೆಂಬಲಿಸಿ, ಈ ಹೊರೆಯ ಹೆಚ್ಚಿನ ಪಾಲನ್ನು ಸರ್ಕಾರವೇ ಹೊರಬೇಕು ಅಂದರು. ಗಿರಣಿಯ ಹೆಂಗಸಿಗೆ ಹೇಳಿದ ಆ ಮಾತು ಯಂತ್ರದ ಪಕ್ಕ ಮಲಗಿದವಳಿಗೆ ಸಲ್ಲದೇ?

ಹಾಗಂತ ತಾಯ್ತನವನ್ನು ಗುಡಿಯಲ್ಲಿಟ್ಟು ಪೂಜಿಸೋ ಕೆಲಸ ನಮ್ಮದಲ್ಲ. ಹೆರಲಾರೆ ಅನ್ನೋ ಹೆಂಗಸಿನ ಮಾತೂ ಅಷ್ಟೇ ತೂಕದ್ದು. 1971ರ ಗರ್ಭಪಾತ ಕಾಯಿದೆಯಲ್ಲಿ ಒಪ್ಪಿಗೆ ಅಂತ ಬಂದಾಗ ವಯಸ್ಕ ಹೆಂಗಸಿನದೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ವಂಶಕ್ಕೊಂದು ಕುಡಿ ಬೇಕು ಅಂತ ಅವಳ ಜೀವವನ್ನ ಪಣಕ್ಕಿಡೋ ಅತ್ತೆಮನೆಗೂ, ಗಂಟೆಗಳ ಲೆಕ್ಕ ಮುಚ್ಚಿಟ್ಟು ಬೇಡ ಅನ್ನೋ ವ್ಯವಸ್ಥೆಗೂ ಅವಳು ಉತ್ತರ ಕೊಡಬೇಕಾಗಿಲ್ಲ. ಅವರೇ ಅವಳಿಗೆ ಉತ್ತರ ಕೊಡಬೇಕು.

ಗೆಳೆಯರೇ, ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳಿ: ಯಂತ್ರ ಎಷ್ಟಿವೆ, ಎಷ್ಟು ಕೆಟ್ಟಿವೆ, ರಾತ್ರಿ ಎಷ್ಟು ಓಡುತ್ತವೆ? ಬಸುರಿಯೊಬ್ಬಳು ಬಂದರೆ ಅವಳಿಗೆ ಎಷ್ಟು ಗಂಟೆ ಕೊಡಬಲ್ಲಿರಿ?